ಜಯನಗರಕ್ಕೆ ಬಂದ ಮೀಸೆಮೀನು

ಮೀನಿನ ವಿನೋದ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವಿದೆ. ಆದರೆ ಅದು ಗಾಳದ ವಿನೋದ. ಜಯನಗರ, ಬನಶಂಕರಿಗಳ ಮನೆಗಳಲ್ಲಿ ಇಂದು ಕಾಣುವ ಗಾಜಿನ ತೊಟ್ಟಿಯ ವಿನೋದದ ವಂಶಾವಳಿಯೇ ಬೇರೆ.

ತೊಟ್ಟಿಯ ತಳವನ್ನು ಕೆದಕುತ್ತ ತಿರುಗುವ ಪುಟ್ಟ ಕೋರಿಡೋರಾಸ್ ಎಂಬ ಮೀಸೆಮೀನನ್ನೇ ನೋಡಿ. ದಕ್ಷಿಣ ಅಮೆರಿಕದ ಈ ಬಳಗದ ಒಂದು ಜಾತಿಯನ್ನು ‘ಬೀಗಲ್’ ಹಡಗಿನ ಯಾತ್ರೆಯಲ್ಲಿ ಡಾರ್ವಿನ್ ಸಂಗ್ರಹಿಸಿದನು. ಜೆನಿನ್ಸ್ ಎಂಬ ಪಾದ್ರಿ 1842ರಲ್ಲಿ ಅದಕ್ಕೆ ಹೆಸರಿಟ್ಟನು. 1878ರಲ್ಲಿ ಪ್ಯಾರಿಸ್ಸಿನ ಕಾರ್ಬೊನಿಯೆ ಅದನ್ನು ತೊಟ್ಟಿಯಲ್ಲಿ ಮರಿಮಾಡಿಸಿದನು.

ಅದು ಬೆಂಗಳೂರಿಗೆ ಒಗ್ಗಿದ್ದಕ್ಕೆ ಇಲ್ಲಿಯ ತಂಪು ಹವೆಯೇ ಕಾರಣವೆಂದು ನನ್ನ ಎಣಿಕೆ. ಮಳೆಗಾಲವೇ ಅದರ ಲಗ್ನಕಾಲ. ತೊಟ್ಟಿಯ ನೀರನ್ನು ಒಂದಿಷ್ಟು ತೆಗೆದು, ಕ್ಲೋರಿನ್ ಕಳೆಯಲು ಒಂದು ದಿನ ತೆರೆದಿಟ್ಟ ತಣ್ಣೀರನ್ನು ಸುರಿದರೆ ಮಳೆ ಬಂತೆಂದೇ ಅದು ನಂಬುತ್ತದೆ! ಹೆಣ್ಣು ಕೆಳರೆಕ್ಕೆಗಳನ್ನು ಬೊಗಸೆಯಂತೆ ಜೋಡಿಸಿ, ಮೊಟ್ಟೆಗಳನ್ನು ಹೊತ್ತು ತಂದು ಗಾಜಿಗೆ ಅಂಟಿಸುತ್ತದೆ. ಕೂಡಲೇ ಬೇರೆಡೆಗೆ ಸಾಗಿಸದಿದ್ದರೆ ಹೆತ್ತವರೇ ತಿಂದುಬಿಡುವುದುಂಟು. ನಾಲ್ಕೈದು ದಿನಗಳಲ್ಲಿ ಮರಿಗಳು ಹೊರಬರುತ್ತವೆ.

ಮರಿಗಳು ನೂರು ದಾಟಿದರೆ ಗೃಹಸ್ಥನು ವ್ಯಾಪಾರಿಯಾಗಲೇಬೇಕು. ಮಾರದೆ ಉಳಿದ ಮೀನಿನ ಗತಿಯೇನು? ಮಡಿವಾಳದ ಕೆರೆ ಹತ್ತಿರದಲ್ಲೇ ಇದೆಯಲ್ಲ ಎನ್ನಬೇಡಿ. ಪಾಚಿ ತಿನ್ನಲೆಂದು ಜನ ಕೊಳ್ಳುವ ಸಕ್ಕರ್ ಮೀನೂ ಅದೇ ಖಂಡದ ಮೀಸೆಮೀನು. ಸಾಕಿದವರ ಕೈಯಿಂದ ಹೊರಬಿದ್ದ ಅದು ಕೇರಳ, ಆಂಧ್ರಗಳ ನೀರಿನಲ್ಲಿ ನೆಲೆಯೂರಿ, ತನ್ನ ಮುಳ್ಳುಗಳಿಂದ ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಅಡಿಗೂ ಮೀರಿ ಬೆಳೆಯುವ ಆ ಮೀನು ಅಂಗಡಿಯಲ್ಲಿ ಕೊಳ್ಳುವಾಗ ಎರಡು ಮೂರು ಅಂಗುಲದ್ದಷ್ಟೇ ಇರುತ್ತದೆ.