ಮೆಲಿಂಡಾ ಬಿಡಿಸಿದ ಮರ

ಗ್ರೀಕರ ಫಿಲೊಮೆಲಾ ಕಥೆಯನ್ನು ರೋಮನ್ ಕವಿ ಒವಿಡ್ ಕ್ರಿ.ಶ. 8ರ ಹೊತ್ತಿಗೆ ತನ್ನ 'ಮೆಟಮಾರ್ಫೊಸೀಸ್' ಕಾವ್ಯದ ಆರನೆಯ ಭಾಗದಲ್ಲಿ ವಿಸ್ತಾರವಾಗಿ ಹೇಳಿದ. ಫಿಲೊಮೆಲಾಳ ಅಕ್ಕನ ಗಂಡ, ಥ್ರೇಸ್‌ನ ದೊರೆ ಟೀರಿಯಸ್, ಅವಳ ಮೇಲೆ ಅತ್ಯಾಚಾರ ಎಸಗುತ್ತಾನೆ. ವಿಷಯ ಹೊರಬೀಳಬಾರದೆಂದು ಅವಳ ನಾಲಿಗೆ ಕತ್ತರಿಸಿ ಕಾಡಿನಲ್ಲಿ ಕೂಡಿಹಾಕುತ್ತಾನೆ. ಅವಳು ಮಗ್ಗದ ಮುಂದೆ ಕೂತು, ಬಿಳಿ ನೂಲಿನ ನಡುವೆ ಕೆನ್ನೀಲಿ ನೂಲು ಸೇರಿಸಿ, ನಡೆದದ್ದನ್ನೆಲ್ಲ ನೇಯುತ್ತಾಳೆ. ಅಕ್ಕ ಪ್ರಾಕ್ನಿ ಬಟ್ಟೆಯ ಸುರುಳಿ ಬಿಚ್ಚಿ ತಂಗಿಯ ಗತಿಯನ್ನು ಅದರಲ್ಲೇ ಓದಿಕೊಳ್ಳುತ್ತಾಳೆ.

ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಹೇಳುವ ಪದ್ಧತಿ ಅಷ್ಟು ಹಳೆಯದು. ಅಮೆರಿಕದ ಹದಿಹರೆಯದವರ ಸಾಹಿತ್ಯದಲ್ಲಿ ಅದು ಪಡೆದ ರೂಪ ನೋಡಬೇಕೆಂದರೆ ಲಾರಿ ಹಾಲ್ಸ್ ಆಂಡರ್ಸನ್ 1999ರಲ್ಲಿ ಪ್ರಕಟಿಸಿದ 'ಸ್ಪೀಕ್' ಕಾದಂಬರಿಯನ್ನು ಓದಬೇಕು. ತುಲ್ಸಾ ನಗರದ ಎಸ್.ಇ. ಹಿಂಟನ್ ಹದಿನೆಂಟರ ಹರೆಯದಲ್ಲಿ 'ದ ಔಟ್‌ಸೈಡರ್ಸ್' ಪ್ರಕಟಿಸಿದ್ದು 1967ರಲ್ಲಿ. ಅಲ್ಲಿಂದಾಚೆಗೆ ಜಗಳ, ಸಾವು, ಮಾದಕವಸ್ತು ಎಲ್ಲವೂ ಈ ಬಗೆಯ ಪುಸ್ತಕಗಳಿಗೆ ಬಂದಿದ್ದವು. ಆಘಾತಕ್ಕೊಳಗಾದ ಮನಸ್ಸು ಮಾತು ಬಿಟ್ಟು ಬೇರೆ ದಾರಿಗಾಗಿ ತಡಕಾಡುವುದನ್ನೇ ಕಥೆಯ ಬೆನ್ನೆಲುಬಾಗಿಸಿದ ಪುಸ್ತಕಗಳಲ್ಲಿ 'ಸ್ಪೀಕ್' ಅತ್ಯಂತ ದೃಢವಾಗಿ ನಿಂತಿದೆ.

ಕಥೆ ನಡೆಯುವುದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ. ಒಂಬತ್ತನೆಯ ತರಗತಿಗೆ ಕಾಲಿಡುವ ಮುನ್ನ, ಬೇಸಿಗೆ ರಜೆಯ ಒಂದು ಪಾರ್ಟಿಯಲ್ಲಿ, ಹಿರಿಯ ವಿದ್ಯಾರ್ಥಿ ಆಂಡಿ ಇವಾನ್ಸ್ ಮೆಲಿಂಡಾ ಸಾರ್ಡಿನೋಳ ಮೇಲೆ ಅತ್ಯಾಚಾರ ಎಸಗಿದ್ದಾನೆ. ಅವಳು 911ಕ್ಕೆ ಫೋನ್ ಮಾಡಿದ್ದಾಳೆ, ಆದರೆ ಬಾಯಿಂದ ಮಾತು ಹೊರಟಿಲ್ಲ. ಪೊಲೀಸರು ಬಂದು ಪಾರ್ಟಿ ಚದುರಿಸಿದ್ದೇ ಎಲ್ಲರಿಗೂ ಗೊತ್ತು. ಹಾಗಾಗಿ ಶಾಲೆಗೆ ಶಾಲೆಯೇ ಅವಳನ್ನು ದೂರ ಇಟ್ಟಿದೆ. ತುಟಿ ಕಚ್ಚಿ ಕಚ್ಚಿ ಹಕ್ಕಳೆ ಕಟ್ಟಿಸಿಕೊಂಡ ಹುಡುಗಿ ದಿನೇ ದಿನೇ ಮೌನಕ್ಕೆ ಇಳಿಯುತ್ತಾಳೆ.

ಆಗ ಬರುವುದು ಚಿತ್ರಕಲೆಯ ತರಗತಿ. ಫ್ರೀಮನ್ ಮೇಷ್ಟ್ರು ಒಡೆದ ಗ್ಲೋಬ್ ಒಂದರೊಳಗೆ ಚೀಟಿಗಳನ್ನು ತುಂಬಿಟ್ಟಿದ್ದಾರೆ. ಕೈಗೆ ಬಂದ ಚೀಟಿಯಲ್ಲಿರುವ ವಸ್ತುವಿಗೆ ವರ್ಷವಿಡೀ ಅಂಟಿಕೊಳ್ಳಬೇಕು. ಮೆಲಿಂಡಾಳಿಗೆ ಸಿಕ್ಕಿದ್ದು 'ಮರ'. ಮರ ಬಿಡಿಸುವುದನ್ನು ಎರಡನೆಯ ತರಗತಿಯಲ್ಲೇ ಕಲಿತಾಗಿದೆ ಎಂದುಕೊಂಡು ಅವಳು ಇನ್ನೊಂದು ಚೀಟಿಗಾಗಿ ಕೈ ಹಾಕುತ್ತಾಳೆ. ಮೇಷ್ಟ್ರು ಬಿಡುವುದಿಲ್ಲ.

ಈ ಮರ ಒಂದೇ ಏಟಿಗೆ ಅರ್ಥ ಕೊಡುವ ಸಂಕೇತವಾಗದೇ ಇರುವುದು ಆಂಡರ್ಸನ್ ಅವರ ದೊಡ್ಡ ಜಾಣ್ಮೆ. ಮೊದಲು ಜಲವರ್ಣದಲ್ಲಿ ಸಿಡಿಲು ಬಡಿದ ಮರಗಳು. ಆಮೇಲೆ ಲಿನೋಲಿಯಂ ಹಲಗೆಯಲ್ಲಿ ಕೆತ್ತಿದ, ಜೀವವಿಲ್ಲದ ಮರ. ಪಿಕಾಸೋನ ಪುಸ್ತಕ ನೋಡಿದ ಮೇಲೆ ಘನಾಕೃತಿಗಳ ಮರ, ಅದರ ಕೊಂಬೆಗಳಲ್ಲಿ ಗಾಜಿನ ಚೂರು, ತುಟಿ, ಲಾಕರು. ತಿಂಗಳುಗಟ್ಟಲೆ ಎಡವುತ್ತಾಳೆ ಹುಡುಗಿ. ಎಡವುವುದೇ ಇಲ್ಲಿ ಕಥೆ.

ನಡುವೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರುತ್ತದೆ. ಮನೆಯಲ್ಲಿ ಟರ್ಕಿ ಕೋಳಿಯ ಅಡುಗೆ ಪೂರಾ ಕೆಟ್ಟುಹೋಗುತ್ತದೆ. ಮೆಲಿಂಡಾ ಅದರ ಮೂಳೆಗಳನ್ನು ಶಾಲೆಗೆ ಒಯ್ದು ಮರದ ತುಂಡಿನ ಮೇಲೆ ಜೋಡಿಸಿ, ಬಾರ್ಬಿ ಗೊಂಬೆಯ ತಲೆ ಇಟ್ಟು, ಗೊಂಬೆಯ ಬಾಯಿಗೆ ಟೇಪು ಅಂಟಿಸುತ್ತಾಳೆ. ಏನು ಮಾಡಿದೆನೆಂದು ಅವಳಿಗೇ ಪೂರ್ತಿ ತಿಳಿದಿಲ್ಲ. ಫ್ರೀಮನ್ ಮಾತ್ರ ಅದರಲ್ಲಿ ನೋವು ಕಾಣುತ್ತಾರೆ. ಪ್ರಾಕ್ನಿ ಬಟ್ಟೆಯನ್ನು ಓದಿದಂತೆಯೇ ಇದು. ನೇಯುವವಳು ಇದ್ದರೆ ಸಾಲದು, ಓದಬಲ್ಲವರೂ ಇರಬೇಕು.

ಶಾಲೆಯ ಇಂಗ್ಲಿಷ್ ಪಾಠವನ್ನೂ ಆಂಡರ್ಸನ್ ಇದೇ ಕಾರಣಕ್ಕೆ ತಂದಿದ್ದಾರೆ. ಅಲ್ಲಿ ಓದಿಸುತ್ತಿರುವುದು ಹಾಥಾರ್ನ್ 1850ರಲ್ಲಿ ಬರೆದ 'ದ ಸ್ಕಾರ್ಲೆಟ್ ಲೆಟರ್'. ಊರಿನವರು ಎದೆಯ ಮೇಲೆ ಹೊರಿಸಿದ ಅವಮಾನದ ಅಕ್ಷರಕ್ಕೆ ಹೆಸ್ಟರ್ ಪ್ರಿನ್ ಚಿನ್ನದ ದಾರದ ಕಸೂತಿ ಹಾಕಿಕೊಂಡ ಕಾದಂಬರಿ ಅದು. ಟೀಚರು ಪ್ರತಿ ವಸ್ತುವಿನಲ್ಲೂ ಸಂಕೇತ ಹುಡುಕಿಸುತ್ತಾರೆ. ಲೇಖಕ ಹೇಳಹೊರಟದ್ದು ಅದನ್ನೇ ಎಂದು ಗೊತ್ತಾಗುವುದು ಹೇಗೆ ಎಂದು ಒಬ್ಬ ಹುಡುಗಿ ಕೇಳಿದ್ದಕ್ಕೆ ಇಡೀ ತರಗತಿಗೆ ಪ್ರಬಂಧದ ಶಿಕ್ಷೆ. ಮೆಲಿಂಡಾ ಮಾತ್ರ ಹೆಸ್ಟರಳಲ್ಲಿ ಒಬ್ಬ ಗೆಳತಿಯನ್ನು ಕಾಣುತ್ತಾಳೆ, ತನ್ನ ಎದೆಗೂ ಒಂದು ಅಕ್ಷರ ಕಲ್ಪಿಸಿಕೊಳ್ಳುತ್ತಾಳೆ.

ಅವಳು ಅಡಗುವ ಜಾಗ ಶಾಲೆಯ ಜವಾನನ ಹಳೆಯ ಕೋಣೆ. ಬಿರುಕು ಬಿಟ್ಟ ಕನ್ನಡಿಯ ಮೇಲೆ ಅಲ್ಲಿ ಮಾಯಾ ಆಂಜೆಲೋ ಅವರ ಪೋಸ್ಟರ್ ಅಂಟಿಸಿದ್ದಾಳೆ. ಆಂಜೆಲೋ 1969ರ ತಮ್ಮ ಆತ್ಮಕಥನದಲ್ಲಿ, ಎಂಟು ವರ್ಷದ ಆಸುಪಾಸಿನಲ್ಲಿ ತಾಯಿಯ ಸಂಗಾತಿಯಿಂದ ಅತ್ಯಾಚಾರಕ್ಕೊಳಗಾದದ್ದನ್ನು ಬರೆದಿದ್ದರು. ಅವರು ಹೆಸರು ಹೇಳಿದ ಮೇಲೆ ಆತ ಕೊಲೆಯಾದ. ತನ್ನ ಮಾತೇ ಒಬ್ಬನನ್ನು ಕೊಂದಿತೆಂದು ನಂಬಿದ ಆ ಮಗು ಸುಮಾರು ಐದು ವರ್ಷ ಬಾಯಿ ತೆರೆಯಲಿಲ್ಲ. ಆತ್ಮಕಥನದಲ್ಲಿ ಆ ಮನುಷ್ಯನ ಹೆಸರು ಮಿಸ್ಟರ್ ಫ್ರೀಮನ್. 'ಸ್ಪೀಕ್'ನಲ್ಲಿ ಅದೇ ಹೆಸರು ಹುಡುಗಿಗೆ ದಾರಿ ತೋರುವ ಮೇಷ್ಟ್ರಿಗೆ ಬಂದಿದೆ.

ಕೊನೆಯಲ್ಲಿ ಆಂಡಿ ಇದೇ ಕೋಣೆಗೆ ನುಗ್ಗುತ್ತಾನೆ. ಹೊಡೆದಾಟದಲ್ಲಿ ಪೋಸ್ಟರ್ ಕಳಚಿ ಬೀಳುತ್ತದೆ. ಮೆಲಿಂಡಾ ಮೂಳೆಯ ಶಿಲ್ಪದಿಂದಲೇ ಕನ್ನಡಿ ಒಡೆದು, ಗಾಜಿನ ಚೂರನ್ನು ಅವನ ಕುತ್ತಿಗೆಗೆ ಹಿಡಿಯುತ್ತಾಳೆ. ಅಷ್ಟು ಹೊತ್ತು ಬರಿಯ ಸಂಕೇತಗಳಾಗಿದ್ದ ವಸ್ತುಗಳು ಒಮ್ಮೆಲೇ ಕೈಗೆಟುಕುವ ಆಯುಧಗಳಾಗುತ್ತವೆ. ಅಷ್ಟರಲ್ಲಿ ಮನೆಯಂಗಳದ ಮರದ ರೋಗ ಹಿಡಿದ ಕೊಂಬೆಗಳನ್ನೂ ಅಪ್ಪ ಕತ್ತರಿಸಿಹಾಕಿಸಿದ್ದಾನೆ. ಅವಳ ಕಾಗದದ ಮೇಲಿನ ಮರ ಉಸಿರಾಡತೊಡಗುತ್ತದೆ.

ಕೃತಿ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಸುತ್ತು ತಲುಪಿತು, 2000ದಲ್ಲಿ ಪ್ರಿಂಟ್ಸ್ ಗೌರವ ಪಡೆಯಿತು, 2004ರಲ್ಲಿ ಸಿನಿಮಾ ಆಯಿತು, 2018ರಲ್ಲಿ ಎಮಿಲಿ ಕ್ಯಾರೊಲ್ ಅವರ ಚಿತ್ರಗಳೊಂದಿಗೆ ಗ್ರಾಫಿಕ್ ಕಾದಂಬರಿಯೂ ಆಯಿತು. ಜೊತೆಗೇ ಬಾಯಿ ಮುಚ್ಚಿಸುವ ಪ್ರಯತ್ನಗಳೂ ನಡೆದವು. 2010ರಲ್ಲಿ ಮಿಸೌರಿಯ ರಿಪಬ್ಲಿಕ್ ಊರಿನ ಶಾಲೆಗಳ ಪುಸ್ತಕಗಳನ್ನು ಟೀಕಿಸಿದ ಪತ್ರಿಕಾ ಲೇಖನವೊಂದು ಇದನ್ನು ಅಶ್ಲೀಲದ ಸಾಲಿಗೆ ಸೇರಿಸಿತು. ಅಮೆರಿಕದ ಗ್ರಂಥಾಲಯ ಸಂಘದ 2020ರ ಪಟ್ಟಿಯಲ್ಲಿ, ಅತಿ ಹೆಚ್ಚು ಆಕ್ಷೇಪ ಎದುರಿಸಿದ ಪುಸ್ತಕಗಳ ಪೈಕಿ ಇದಕ್ಕೆ ನಾಲ್ಕನೆಯ ಸ್ಥಾನ. ಹುಡುಗರ ವಿರುದ್ಧ ಪಕ್ಷಪಾತವಿದೆ ಎಂಬುದು ಅಲ್ಲಿ ದಾಖಲಾದ ದೂರುಗಳಲ್ಲೊಂದು.

ಆ ದೂರನ್ನು ಆಂಡರ್ಸನ್ ಅವರ ಅನುಭವದ ಪಕ್ಕದಲ್ಲಿಟ್ಟು ನೋಡಬೇಕು. ಶಾಲೆಗಳಿಗೆ ಹೋದಾಗ ಹುಡುಗರು, ಮೆಲಿಂಡಾ ಇಷ್ಟೊಂದು ಕುಗ್ಗಿಹೋದದ್ದೇಕೆ ಎಂದು ನಿಜವಾಗಿ ಅರ್ಥವಾಗದೆ ಕೇಳುತ್ತಿದ್ದರು ಎಂದು ಅವರು ಹೇಳಿದ್ದಾರೆ. ಮರದ ಅರ್ಥ ಬರೆಯಬಲ್ಲ ಮಕ್ಕಳಿಗೂ ಒಪ್ಪಿಗೆ ಎಂದರೇನೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. 2019ರಲ್ಲಿ ಪ್ರಕಟವಾದ 'ಶೌಟ್' ಎಂಬ ಕವಿತೆಗಳ ಆತ್ಮಕಥನದಲ್ಲಿ ಆಂಡರ್ಸನ್ ಮರ, ಕನ್ನಡಿಗಳ ಮರೆ ಬಿಟ್ಟು, ಹದಿಮೂರನೆಯ ವಯಸ್ಸಿನಲ್ಲಿ ತಮ್ಮ ಮೇಲಾದ ಅತ್ಯಾಚಾರವನ್ನು ನೇರವಾಗಿ ಬರೆದರು. ಒಪ್ಪಿಗೆಯ ಮಾತನ್ನೂ ಅದರಲ್ಲಿ ಸಂಕೇತವಿಲ್ಲದೆ ಆಡಿದ್ದಾರೆ.