ಮೂಗಿಗೊಂದು ಬಟ್ಟೆ: ಹಾರ್ಬಿನ್ ಕಲಿಸಿದ ಪಾಠ

ಮುಖಗವಸು ಕಟ್ಟಿದರೆ ರೋಗ ಹರಡುವುದು ನಿಲ್ಲುವುದೇ? ಈ ಪ್ರಶ್ನೆ 2020ರ ಕೋವಿಡ್ ಕಾಲದಲ್ಲಿ ಹುಟ್ಟಿದ್ದಲ್ಲ.

1910ರ ಚಳಿಗಾಲ. ಈಶಾನ್ಯ ಚೀನಾದ ಹಾರ್ಬಿನ್‌ನಲ್ಲಿ ಪ್ಲೇಗು ಹಬ್ಬಿತ್ತು. ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಯುವ ವೈದ್ಯ ವೂ ಲಿಯೆನ್-ತೆ ಅವರನ್ನು ಸರ್ಕಾರ ಅಲ್ಲಿಗೆ ಕಳುಹಿಸಿತು. 1898ರಲ್ಲಿ ನಮ್ಮ ಬೆಂಗಳೂರನ್ನು ಕಾಡಿದ, ಮೈಯಲ್ಲಿ ಗೆಡ್ಡೆ ಕಟ್ಟುವ ಪ್ಲೇಗು ಇಲಿಯ ಚಿಗಟದಿಂದ ಬರುವಂಥದು. ಹಾರ್ಬಿನ್‌ನದು ಹಾಗಲ್ಲ, ಶ್ವಾಸಕೋಶದ ಪ್ಲೇಗು, ಕೆಮ್ಮಿನ ಹನಿಗಳಿಂದ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ ಎಂದು ವೂ ಕಂಡುಕೊಂಡರು. ಜಾಳುಬಟ್ಟೆಯ ಪದರಗಳ ನಡುವೆ ಹತ್ತಿಯಿಟ್ಟು ಮೂಗು-ಬಾಯಿಗೆ ಕಟ್ಟಿಕೊಳ್ಳಲು ಹೇಳಿದರು.

ಹಿರಿಯ ಫ್ರೆಂಚ್ ವೈದ್ಯ ಮೆಸ್ನಿ ಒಪ್ಪಲಿಲ್ಲ. ಇಲಿಯೇ ಮೂಲವೆಂದು ನಂಬಿ, ಮುಖಗವಸಿಲ್ಲದೆ ರೋಗಿಗಳನ್ನು ಪರೀಕ್ಷಿಸಿದರು. 1911ರ ಜನವರಿಯಲ್ಲಿ ಅದೇ ರೋಗಕ್ಕೆ ಬಲಿಯಾದರು. ಆಮೇಲೆ ಊರಿಗೆ ಊರೇ ಮುಖಕ್ಕೆ ಬಟ್ಟೆ ಕಟ್ಟಿತು.

ಆದರೆ ಆತುರಪಡಬೇಡಿ. ಒಬ್ಬರ ಸಾವು ಎಚ್ಚರಿಕೆಯೇ ಹೊರತು ಪೂರ್ಣ ಪುರಾವೆಯಲ್ಲ. ವೂ ರೋಗಿಗಳನ್ನು ಬೇರೆಯಿರಿಸಿದರು, ಜನಸಂಚಾರ ತಡೆದರು, ಶವಗಳನ್ನು ಸುಡಿಸಿದರು. ಸುಮಾರು 60,000 ಜೀವಗಳನ್ನು ತೆಗೆದ ಆ ಪಿಡುಗು 1911ರ ವಸಂತದ ಹೊತ್ತಿಗೆ ಅಡಗಿತು. ಇದರಲ್ಲಿ ಬಟ್ಟೆಯ ಪಾಲೆಷ್ಟೆಂದು ಬೇರ್ಪಡಿಸಿ ಅಳೆಯಲಾಗದು.

ಹಾಗಾದರೆ ಪಾಠವೇನು? ಮುಖಗವಸು ಬೇಕೇ ಎಂದು ಯಾರಾದರೂ ಕೇಳಿದರೆ, ರೋಗ ಬರುವ ದಾರಿ ಯಾವುದೆಂದು ನೀವು ಮೊದಲು ಕೇಳಿ. ಉಸಿರಿನ ದಾರಿಯಾದರೆ ಮೂಗಿಗೆ ಕಾವಲು ಬೇಕು. ಚಿಗಟದ ದಾರಿಯಾದರೆ ಇಲಿಯ ಬಿಲದತ್ತ ನೋಡಬೇಕು. ಮೆಸ್ನಿ ಕಲಿತವರೇ. ಆದರೆ ಹಳೆಯ ಉತ್ತರವನ್ನು ಹೊಸ ರೋಗಕ್ಕೆ ಹೊಂದಿಸಲು ಹೋದರು.