ಹಾಯಿದೋಣಿಯಲ್ಲಿ ದೇಶ ಸುತ್ತಲು ವೀಸಾ ಬೇಡವೇ, ಖರ್ಚೂ ಇಲ್ಲವೇ? ಫಾರ್ವರ್ಡ್ ಹೇಳದೆ ಬಿಟ್ಟ ಸಂಗತಿಗಳು

"ಮನೆ ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ಪೆಟ್ರೋಲ್ ಬೇಡ. ಸಮುದ್ರಕ್ಕೆ ಗಡಿ ಇಲ್ಲ, ಹಾಗಾಗಿ ವೀಸಾನೂ ಬೇಡ. ಒಂದು ಹಾಯಿದೋಣಿ ಇದ್ದರೆ ಜೀವನಪೂರ್ತಿ ಪುಕ್ಕಟೆಯಾಗಿ ದೇಶ ಸುತ್ತಬಹುದು!" ನೀಲಿ ಸಮುದ್ರ, ಬಿಳಿ ಹಾಯಿ, ದೋಣಿಯ ಮೇಲೆ ಕೂತು ಕಾಫಿ ಕುಡಿಯುತ್ತಿರುವ ಜೋಡಿಯ ವಿಡಿಯೋ ಜೊತೆಗೆ ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. "ಕುಡಿಯುವ ನೀರು ಮುಗಿದರೆ ಸಮುದ್ರದ ನೀರನ್ನೇ ಸ್ವಲ್ಪ ಸ್ವಲ್ಪ ಕುಡಿದು ಬದುಕಬಹುದು" ಎಂಬ ಮಾತೂ ಇಂಥ ಸಂದೇಶಗಳ ಜೊತೆ ಓಡಾಡುತ್ತದೆ.

ಇದರಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ದೇಶ ಸುತ್ತುವವರು ನಿಜವಾಗಿಯೂ ಇದ್ದಾರೆ. ಆದರೆ ಅದು ಪುಕ್ಕಟೆ ಅಲ್ಲ, ಕಾನೂನಿನ ಹೊರಗೂ ಅಲ್ಲ. ಸಮುದ್ರದ ನೀರು ಕುಡಿಯುವ ಸಲಹೆಯಂತೂ ಪ್ರಾಣಕ್ಕೇ ಅಪಾಯ.

ಹೇಳಿಕೆ 1: ಗಾಳಿ ಪುಕ್ಕಟೆ, ಆದ್ದರಿಂದ ಪ್ರಯಾಣವೂ ಪುಕ್ಕಟೆ

ಗಾಳಿಗೆ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಆ ಗಾಳಿಯನ್ನು ಹಿಡಿಯುವ ಹಾಯಿ ಬಿಸಿಲಿಗೆ ಸವೆಯುತ್ತದೆ. ಕಂಬವನ್ನು ಹಿಡಿದಿಡುವ ಉಕ್ಕಿನ ತಂತಿಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ದೋಣಿಯ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟದಂತೆ ಆಗಾಗ ವಿಶೇಷ ಬಣ್ಣ ಬಳಿಯಬೇಕು. ಬಂದರಿಗೆ ಹೋಗಿಬರಲು, ಗಾಳಿ ನಿಂತಾಗ ಸಾಗಲು ಡೀಸೆಲ್ ಎಂಜಿನ್ ಬೇಕು. ಇದರ ಮೇಲೆ ವಿಮೆ, ಬಂದರಿನ ಶುಲ್ಕ. ದೋಣಿಯ ಬೆಲೆಯ ಸುಮಾರು ಶೇ. 10ರಷ್ಟು ಪ್ರತಿವರ್ಷ ಅದರ ಮೇಲೇ ಖರ್ಚಾಗುತ್ತದೆ ಎಂಬುದು ದೋಣಿ ಮಾಲೀಕರ ನಡುವೆ ಬಳಕೆಯಲ್ಲಿರುವ ಅಂದಾಜು.

ನಮ್ಮದೇ ನೌಕಾಪಡೆಯ ಉದಾಹರಣೆ ನೋಡಿ. 56 ಅಡಿ ಉದ್ದದ ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿದೋಣಿಯಲ್ಲಿ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು, ಭೂಮಿಯನ್ನು ಒಂದು ಸುತ್ತು ಹಾಕಿ, 2018ರ ಮೇ 21ರಂದು ವಾಪಸಾದರು. ಒಟ್ಟು 254 ದಿನ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಾಕ್‌ಲ್ಯಾಂಡ್ ದ್ವೀಪ, ದಕ್ಷಿಣ ಆಫ್ರಿಕಾಗಳಲ್ಲಿ ನಿಲ್ಲುವುದು ಮೊದಲೇ ನಿಗದಿಯಾಗಿತ್ತು. ಇವುಗಳ ಜೊತೆಗೆ, ಸ್ಟೀರಿಂಗ್ ಕೈಕೊಟ್ಟಿದ್ದರಿಂದ ಮಾರಿಷಸ್‌ನಲ್ಲೂ ನಿಲ್ಲಬೇಕಾಯಿತು. ಹಿಂದೆ ಇಡೀ ನೌಕಾಪಡೆಯ ಬೆಂಬಲವಿದ್ದ ದೋಣಿಗೂ ರಿಪೇರಿ ತಪ್ಪಲಿಲ್ಲ.

ಹೇಳಿಕೆ 2: ಮನಸ್ಸು ಬಂದಾಗ ಮನಸ್ಸು ಬಂದ ಕಡೆ ಹೋಗಬಹುದು

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗಲಾರದು. ಹಾಗೆಂದು ಗಾಳಿ ಬೀಸಿದ ಕಡೆಗೆ ಮಾತ್ರ ಹೋಗುತ್ತದೆ ಎನ್ನುವುದೂ ತಪ್ಪು. ಹಾಯಿ ಬಾಗಿದ ರೆಕ್ಕೆಯ ಹಾಗೆ ಕೆಲಸ ಮಾಡಿ ದೋಣಿಯನ್ನು ಓರೆಯಾಗಿ ಎಳೆಯುತ್ತದೆ. ನೀರಿನೊಳಗೆ ಇಳಿಬಿದ್ದಿರುವ ಭಾರವಾದ ಕೀಲ್ ಎಂಬ ಭಾಗ ದೋಣಿ ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ. ಒದ್ದೆ ಸೋಪನ್ನು ಎರಡು ಕಡೆಯಿಂದ ಅದುಮಿದರೆ ಮುಂದಕ್ಕೆ ಚಿಮ್ಮುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ ದೋಣಿಯೂ ಮುಂದೆ ಸಾಗುತ್ತದೆ. ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಘಾಟಿ ರಸ್ತೆಯ ತಿರುವುಗಳ ಹಾಗೆ ಸಾಗಬೇಕು. 100 ಕಿ.ಮೀ. ದೂರಕ್ಕೆ ಸುಮಾರು 140 ಕಿ.ಮೀ. ಓಡಿದಂತಾಯಿತು.

ವೇಗವೂ ಅಷ್ಟಕ್ಕಷ್ಟೇ. ಸಾಧಾರಣ ದೋಣಿಯ ಸರಾಸರಿ ವೇಗ ಗಂಟೆಗೆ 5ರಿಂದ 6 ನಾಟಿಕಲ್ ಮೈಲಿ, ಅಂದರೆ 9ರಿಂದ 11 ಕಿ.ಮೀ. ನಿಧಾನವಾಗಿ ಸೈಕಲ್ ತುಳಿದಷ್ಟು. ಪೆಸಿಫಿಕ್ ಸಾಗರದ ಜನಪ್ರಿಯ ದಾರಿಯಲ್ಲಿ ಗ್ಯಾಲಪಗೋಸ್‌ನಿಂದ ಫ್ರೆಂಚ್ ಪಾಲಿನೇಷ್ಯಾದ ಮಾರ್ಕೆಸಾಸ್ ದ್ವೀಪಗಳಿಗೆ ಸುಮಾರು 3,000 ನಾಟಿಕಲ್ ಮೈಲಿ. ಮೂರರಿಂದ ನಾಲ್ಕು ವಾರ ನೆಲವೇ ಕಾಣುವುದಿಲ್ಲ. ರಾತ್ರಿಯೂ ದೋಣಿ ಸಾಗುತ್ತಲೇ ಇರುತ್ತದೆ. ದೂರದಲ್ಲಿ ಕಂಡ ದೊಡ್ಡ ಹಡಗು 15–20 ನಿಮಿಷದಲ್ಲಿ ಮೈಮೇಲೆ ಬರಬಹುದು. ಹಾಗಾಗಿ ಗಂಡ ಹೆಂಡತಿ ಇಬ್ಬರೇ ಇದ್ದರೂ ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದು ಕಾಯಬೇಕು. ವಿಡಿಯೋದಲ್ಲಿ ಈ ಸರದಿಯ ನಿದ್ದೆ ಕಾಣುವುದಿಲ್ಲ.

ಹೊರಡುವ ದಿನವನ್ನೂ ಋತುವೇ ತೀರ್ಮಾನಿಸುತ್ತದೆ. ಅಟ್ಲಾಂಟಿಕ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಹರಿಕೇನ್ ಕಾಲ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಆ ತಿಂಗಳುಗಳಲ್ಲಿ ಅನೇಕರು ನ್ಯೂಜಿಲೆಂಡ್ ಕಡೆಗೆ ಸರಿದು ಕಾಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಲ್ಲಿಸುವ ನಮ್ಮ ಕರಾವಳಿಯವರಿಗೆ ಸಮುದ್ರದ ಕ್ಯಾಲೆಂಡರ್ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಹೇಳಿಕೆ 3: ಸಮುದ್ರಕ್ಕೆ ಗಡಿ ಇಲ್ಲ, ವೀಸಾ ಬೇಡ

ಇದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದೇಶವೊಂದರ ಸಾರ್ವಭೌಮ ಜಲಪ್ರದೇಶ ತೀರದಿಂದ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿ.ಮೀ. ವರೆಗೆ ಇರಬಹುದು. ಶಾಂತಿಯುತವಾಗಿ ಹಾದುಹೋಗಲು ಅದರೊಳಗೂ ಅವಕಾಶವಿದೆ. ಆದರೆ ಹಾದುಹೋಗುವುದು ಬೇರೆ, ಲಂಗರು ಹಾಕಿ ನೆಲಕ್ಕೆ ಕಾಲಿಡುವುದು ಬೇರೆ.

ಬೇರೆ ದೇಶ ತಲುಪಿದ ದೋಣಿ, ಆ ದೇಶ ಗೊತ್ತುಪಡಿಸಿದ ಬಂದರಿಗೇ ಮೊದಲು ಹೋಗಬೇಕು. ಹಳದಿ ಬಾವುಟ ಏರಿಸಿ, ಆರೋಗ್ಯ, ಕಸ್ಟಮ್ಸ್, ಇಮಿಗ್ರೇಷನ್ ತಪಾಸಣೆ ಮುಗಿಯುವವರೆಗೆ ಕಾಯಬೇಕು. ಪಾಸ್‌ಪೋರ್ಟ್, ದೋಣಿಯ ನೋಂದಣಿ ಪತ್ರ, ಹಿಂದಿನ ಬಂದರು ಕೊಟ್ಟ ನಿರ್ಗಮನ ಪತ್ರ ಎಲ್ಲವನ್ನೂ ತೋರಿಸಬೇಕು. ವಿಮಾನದಲ್ಲಿ ಬಂದವರಿಗಿಂತ ಕಾಗದಪತ್ರ ಹೆಚ್ಚೇ, ಏಕೆಂದರೆ ಇಲ್ಲಿ ಮನುಷ್ಯರ ಜೊತೆ ದೋಣಿಗೂ ಪ್ರವೇಶ ಬೇಕು.

ಕೆಲವು ಉದಾಹರಣೆಗಳು:

• ಆಸ್ಟ್ರೇಲಿಯಾ: ತಲುಪುವ ಕನಿಷ್ಠ 12 ಗಂಟೆ ಮೊದಲು ಮಾಹಿತಿ ಕೊಡಬೇಕು. ಪ್ರಯಾಣಿಕರ ಬಳಿ ವೀಸಾ ಮೊದಲೇ ಇರಬೇಕು.

• ನ್ಯೂಜಿಲೆಂಡ್: ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು. ದೋಣಿಯ ತಳ ಶುಚಿಯಾಗಿದೆ ಎಂಬುದಕ್ಕೂ ಪುರಾವೆ ಕೇಳುತ್ತಾರೆ. ತಳಕ್ಕೆ ಅಂಟಿ ಬಂದ ಹೊರಗಿನ ಜೀವಿಗಳು ಅಲ್ಲಿನ ಸಮುದ್ರದಲ್ಲಿ ಹರಡಬಾರದೆಂಬುದು ಉದ್ದೇಶ. ಉಳಿದ ಹಣ್ಣು, ಜೇನುತುಪ್ಪದಂಥವನ್ನು ಅಧಿಕಾರಿಗಳು ತೆಗೆದುಕೊಂಡು ಹೋಗಬಹುದು.

• ಯುರೋಪಿನ ಷೆಂಗೆನ್ ದೇಶಗಳು: ನಮ್ಮಂಥ ಹೊರಗಿನವರಿಗೆ, ಅಲ್ಪಾವಧಿ ವೀಸಾ ಇದ್ದರೂ, ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ದೋಣಿಯಲ್ಲೇ ಮಲಗಿದರೂ ದಿನಗಳ ಲೆಕ್ಕ ಓಡುತ್ತಲೇ ಇರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಈ ದಾರಿಯ ಹಲವು ದೇಶಗಳಲ್ಲಿ ಮುಂಚಿತವಾಗಿ ವೀಸಾ ಬೇಕು. ವಿಡಿಯೋದಲ್ಲಿರುವ ಯುರೋಪಿನ ಜೋಡಿಗೆ ಸುಲಭವಾದದ್ದು ನಮಗೂ ಸುಲಭ ಎಂದುಕೊಳ್ಳುವಂತಿಲ್ಲ. "ವೀಸಾ ಬೇಡ" ಎಂದು ನಂಬಿ ಹೊರಟವರು ದಂಡ, ಬಂಧನ, ಗಡೀಪಾರು ಎದುರಿಸಬೇಕಾಗಬಹುದು.

ಹೇಳಿಕೆ 4: ಸಮುದ್ರದ ನೀರು ಸ್ವಲ್ಪ ಸ್ವಲ್ಪ ಕುಡಿದರೆ ಬದುಕಬಹುದು

ಇದು ಪೂರ್ತಿ ತಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ರಕ್ತದಲ್ಲಿ ಲೀಟರಿಗೆ ಸುಮಾರು 9 ಗ್ರಾಂ. ಹೆಚ್ಚುವರಿ ಉಪ್ಪನ್ನು ಮೂತ್ರಪಿಂಡಗಳು ಹೊರಹಾಕಬೇಕು. ಆದರೆ ಅವು ಸಮುದ್ರದ ನೀರಿನಷ್ಟು ಉಪ್ಪಾದ ಮೂತ್ರವನ್ನು ತಯಾರಿಸಲಾರವು. ಒಂದು ಲೀಟರ್ ಕುಡಿದರೆ ಅದರ ಉಪ್ಪು ಹೊರಹೋಗಲು ಸುಮಾರು ಒಂದೂವರೆ ಲೀಟರ್ ಮೂತ್ರ ಬೇಕು. ಉಳಿದ ಅರ್ಧ ಲೀಟರ್ ದೇಹದ ಒಳಗಿನಿಂದಲೇ ಹೋಗುತ್ತದೆ. ಕುಡಿದಷ್ಟೂ ಬಾಯಾರಿಕೆ ಹೆಚ್ಚುತ್ತದೆ, ಬುದ್ಧಿಭ್ರಮಣೆಯಾಗುತ್ತದೆ, ಕೊನೆಗೆ ಪ್ರಾಣ ಹೋಗುತ್ತದೆ. ಕುದಿಸಿದರೂ ಪ್ರಯೋಜನವಿಲ್ಲ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ.

ಈ ನಂಬಿಕೆಗೆ ಬಲ ಬಂದದ್ದು ಹೇಗೆ? 1952ರಲ್ಲಿ ಫ್ರಾನ್ಸಿನ ವೈದ್ಯ ಅಲೈನ್ ಬಾಂಬಾರ್ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ 65 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ, ಮೀನಿನ ರಸ ಮತ್ತು ಸ್ವಲ್ಪ ಸಮುದ್ರದ ನೀರಿನಿಂದ ಬದುಕಬಹುದು ಎಂದು ವಾದಿಸಿದರು. ಆದರೆ ದಾರಿಯಲ್ಲಿ ಅವರಿಗೆ ಮಳೆನೀರೂ ಸಿಕ್ಕಿತ್ತು. ಅದೇ ದಶಕದಲ್ಲಿ ಪುಟ್ಟ ದೋಣಿಗಳಲ್ಲಿ ಅದೇ ಸಾಗರ ದಾಟಿದ ಜರ್ಮನಿಯ ವೈದ್ಯ ಹಾನ್ನೆಸ್ ಲಿಂಡೆಮಾನ್ ಈ ವಾದವನ್ನು ಒಪ್ಪಲಿಲ್ಲ. ಸಮುದ್ರದ ನೀರು ಕುಡಿಯಬಾರದು ಎಂಬುದೇ ಇಂದಿನ ವೈದ್ಯಕೀಯ ಸಲಹೆ.

ಇನ್ನೊಂದು ನಿಜ ಘಟನೆ ಇದೆ. ಬ್ರಿಟನ್ನಿನ ಹೈನುಗಾರ ಡೂಗಲ್ ರಾಬರ್ಟ್‌ಸನ್ ತೋಟ ಮಾರಿ, ಲೂಸೆಟ್ ಎಂಬ ಹಾಯಿದೋಣಿ ಕೊಂಡು, 1971ರಲ್ಲಿ ಕುಟುಂಬ ಸಮೇತ ಪ್ರಪಂಚ ನೋಡಲು ಹೊರಟರು. 1972ರ ಜೂನ್ 15ರಂದು ಗ್ಯಾಲಪಗೋಸ್ ಸಮೀಪ ಓರ್ಕಾ ತಿಮಿಂಗಿಲಗಳ ಹೊಡೆತಕ್ಕೆ ದೋಣಿ ಮುಳುಗಿತು. ಆರು ಜನ 38 ದಿನ ಸಾಗರದಲ್ಲಿ ತೇಲಿದರು. ಮಳೆನೀರು ಹಿಡಿದಿಟ್ಟು, ಆಮೆ ಮತ್ತು ಮೀನು ತಿಂದು ಬದುಕಿದರು. ಜಪಾನಿನ ಮೀನುಗಾರಿಕಾ ಹಡಗೊಂದು ಆರೂ ಜನರನ್ನು ಉಳಿಸಿತು. ಅವರನ್ನು ಕಾಪಾಡಿದ ನೀರು ಆಕಾಶದಿಂದ ಬಿದ್ದದ್ದು, ಸಮುದ್ರದ್ದಲ್ಲ.

ಹಾಗಾದರೆ ದೋಣಿಯಲ್ಲಿ ವಾಸಿಸುವವರು ನೀರಿಗೆ ಏನು ಮಾಡುತ್ತಾರೆ? ಲೆಕ್ಕ ಹಾಕುತ್ತಾರೆ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದರೆ ಇಬ್ಬರಿಗೆ 25 ದಿನಕ್ಕೆ 200 ಲೀಟರ್, ಅಂದರೆ 20 ಲೀಟರಿನ 10 ಕ್ಯಾನ್. ಪಾತ್ರೆ ತೊಳೆಯಲು, ಮೈ ಮೇಲೆ ಹುಯ್ದುಕೊಳ್ಳಲು ಉಪ್ಪುನೀರು, ಕೊನೆಯಲ್ಲಿ ಒಂದು ಚೊಂಬು ಸಿಹಿನೀರು. ಹಲವರು ಉಪ್ಪು ಬೇರ್ಪಡಿಸುವ ಯಂತ್ರ ಇಟ್ಟುಕೊಳ್ಳುತ್ತಾರೆ. ತತ್ವ ನಮ್ಮ ಮನೆಯ ಆರ್‌ಒ ಫಿಲ್ಟರಿನದ್ದೇ. ಆದರೆ ಅದಕ್ಕೆ ಬೇಕಾದ ಒತ್ತಡ ಕಾರಿನ ಟೈರಿನ ಗಾಳಿಯ ಒತ್ತಡದ ಸುಮಾರು 25 ಪಟ್ಟು. ಮನೆಯ ಆರ್‌ಒದಿಂದ ಈ ಕೆಲಸ ಆಗದು.

ಹೇಳಿಕೆ 5: ಏನಾದರೂ ಆದರೆ ಬಟನ್ ಒತ್ತಿದರಾಯಿತು, ಹೆಲಿಕಾಪ್ಟರ್ ಬರುತ್ತದೆ

ಬಟನ್ ಇರುವುದು ನಿಜ. ಅಪಾಯದ ಸಂಕೇತ ಕಳಿಸುವ ಬೀಕನ್ ಉಪಕರಣ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಗಳಿಗೆ ಸುದ್ದಿ ಮುಟ್ಟಿಸುತ್ತದೆ. ಕಾಸ್ಪಾಸ್-ಸಾರ್ಸಾಟ್ ಎಂಬ ಈ ಅಂತಾರಾಷ್ಟ್ರೀಯ ವ್ಯವಸ್ಥೆಯ ಭಾರತದ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ.

ಆದರೆ ಸುದ್ದಿ ತಲುಪಿದಷ್ಟು ಬೇಗ ಸಹಾಯ ತಲುಪುವುದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಒಂಟಿಯಾಗಿ ಹಾಯಿದೋಣಿ ಸ್ಪರ್ಧೆಯಲ್ಲಿದ್ದ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡರು. ಅವರಿದ್ದ ಜಾಗ ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 3,500 ಕಿ.ಮೀ. ದೂರ. ಅಷ್ಟು ದೂರಕ್ಕೆ ಹೆಲಿಕಾಪ್ಟರ್ ಹಾರುವುದಿಲ್ಲ. ಫ್ರಾನ್ಸಿನ ಹಡಗೊಂದು ಅವರನ್ನು ತಲುಪಲು ಮೂರು ದಿನ ಬೇಕಾಯಿತು.

ಹಾಗಾದರೆ ಕನಸು ಕಾಣಬಾರದೇ?

ಖಂಡಿತ ಕಾಣಬಹುದು. ಗುಣವಾದ ಟೋಮಿ ಅದೇ ಸ್ಪರ್ಧೆಗೆ ಮರಳಿ, 2023ರಲ್ಲಿ ಎರಡನೇ ಸ್ಥಾನದೊಂದಿಗೆ ಮುಗಿಸಿದರು. ಆದರೆ ಈ ಬದುಕು ನೆಲದ ಲೆಕ್ಕಗಳಿಂದ ಬಿಡುಗಡೆ ಅಲ್ಲ. ನಲ್ಲಿ ತಿರುಗಿಸಿ ಮರೆತುಬಿಡುವ ನೀರು, ಸ್ವಿಚ್ ಒತ್ತಿ ಮರೆತುಬಿಡುವ ಕರೆಂಟ್, ಎಲ್ಲವನ್ನೂ ಅಲ್ಲಿ ಪ್ರತಿದಿನ ಎಣಿಸಬೇಕು.

"ಹಣ ಕಟ್ಟಿ, ದೋಣಿಯಲ್ಲಿ ಉಚಿತ ವಿಶ್ವ ಪ್ರವಾಸಕ್ಕೆ ಸಿಬ್ಬಂದಿಯಾಗಿ ಬನ್ನಿ" ಎಂಬ ಸಂದೇಶ ಬಂದರೆ ಮೊದಲು ಇಷ್ಟು ಕೇಳಿ: ದೋಣಿ ಯಾವ ದೇಶದಲ್ಲಿ ನೋಂದಣಿಯಾಗಿದೆ? ಪ್ರತಿ ದೇಶದ ವೀಸಾ ಯಾರ ಹೊಣೆ? ಜೀವರಕ್ಷಕ ತೆಪ್ಪ ಮತ್ತು ಬೀಕನ್ ಇವೆಯೇ? ಮಧ್ಯದಲ್ಲಿ ಇಳಿಯಬೇಕಾದರೆ ವಾಪಸ್ ಟಿಕೆಟ್ ಯಾರು ಕೊಡುತ್ತಾರೆ? ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಹಣ ಕಳಿಸಬೇಡಿ.

ನಮ್ಮ ತೀರ್ಮಾನ

"ಹಾಯಿದೋಣಿಯಲ್ಲಿ ಪುಕ್ಕಟೆಯಾಗಿ, ವೀಸಾ ಇಲ್ಲದೆ ದೇಶ ಸುತ್ತಬಹುದು" ಎಂಬುದು ದಾರಿ ತಪ್ಪಿಸುವ ಸಂದೇಶ. "ಸಮುದ್ರದ ನೀರು ಸ್ವಲ್ಪ ಸ್ವಲ್ಪ ಕುಡಿಯಬಹುದು" ಎಂಬುದು ಸುಳ್ಳು. ವಿಡಿಯೋ ಚೆನ್ನಾಗಿದ್ದರೆ ನೋಡಿ ಖುಷಿಪಡಿ. ಆ ಸಾಲುಗಳನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ. ಮೀನುಗಾರಿಕೆಗೆ ಹೋಗುವ ಮನೆಯವರು ನಿಮ್ಮ ಗ್ರೂಪಿನಲ್ಲೂ ಇರಬಹುದು. ಎಂಜಿನ್ ಕೆಟ್ಟು ದೋಣಿ ನಡುನೀರಿನಲ್ಲಿ ನಿಂತ ದಿನ ಅವರಿಗೆ ನೆನಪಾಗುವುದು ಸುಳ್ಳು ಸಲಹೆ ಆಗಬಾರದು.